ಸುಮಾಳಿಗೆ, ವಾರ್ಡ್ ಚುನಾವಣೆಗೆ ಮೊದಲು

ಡೊಂಬಿವಲಿ
ಜನವರಿ 2026

ಪ್ರೀತಿಯ ಸುಮಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಕುಕ್ಕರ್ ಕೂಗುತ್ತಿತ್ತು, ಮಗು ಸಾಕ್ಸ್ ಸಿಗ್ತಿಲ್ಲ ಅಂತ ಅಳುತ್ತಿತ್ತು, ನಿನಗೆ ಲೋಕಲ್ ತಪ್ಪುವ ಗಡಿಬಿಡಿ. ಅದರ ನಡುವೆಯೇ "ಎರಡೂ ಕಡೆಯವರು ಬೇಡ ಅನ್ನಿಸ್ತಿದೆ ದೊಡ್ಡಪ್ಪ, ಮೂರನೆಯವರಿಗೆ ಹಾಕಿದ್ರೆ ವೋಟು ವೇಸ್ಟ್ ಆಗುತ್ತಾ?" ಅಂದೆ. ಫೋನ್ ಇಟ್ಟ ಮೇಲೆ ರಾತ್ರಿಯವರೆಗೂ ಅದೇ ತಲೆಯಲ್ಲಿತ್ತು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಇದು ವಾರ್ಡಿನ ಚುನಾವಣೆ. ದಿಲ್ಲಿಯಲ್ಲಿ ಯಾರು ಕೂರಬೇಕು ಅನ್ನುವ ಲೆಕ್ಕವನ್ನು ಇಲ್ಲಿಗೆ ತರಬೇಡ. ಮುಂಬಯಿಯಲ್ಲಿ ಇದಕ್ಕೆ ಮೊದಲು ಪಾಲಿಕೆ ಚುನಾವಣೆ ಆದದ್ದು 2017ರಲ್ಲಿ. 2022ರ ಮಾರ್ಚ್‌ಗೆ ಆಗ ಗೆದ್ದವರ ಅವಧಿ ಮುಗಿಯಿತು. ಆಮೇಲೆ ನಗರಸೇವಕರೇ, ಅಂದರೆ ಕಾರ್ಪೊರೇಟರುಗಳೇ ಇಲ್ಲ, ಆಡಳಿತಾಧಿಕಾರಿ ಮಾತ್ರ. ಇಷ್ಟು ವರ್ಷ ನಿಮ್ಮ ಬಿಲ್ಡಿಂಗಿಗೆ ನೀರು ಕಮ್ಮಿ ಬಂದಾಗ ಯಾರ ಬಾಗಿಲು ತಟ್ಟಬೇಕು ಅಂತಲೇ ತಿಳಿಯದೆ ನೀನು ಎಷ್ಟು ಒದ್ದಾಡಿದೆ ಅಂತ ನನಗೆ ಗೊತ್ತು. ಬೆಳಗಿನ ಜಾವ ಐದಕ್ಕೆ ಎದ್ದು ಬಕೆಟ್ ಇಟ್ಟು, ನಲ್ಲಿಗೆ ಕಿವಿ ಕೊಟ್ಟು ಕೂರುವವಳು ನೀನು. ಈ ವೋಟು ಆ ನಲ್ಲಿಯ ವೋಟು.

ನೀರು ಅಂದಾಗ ನೆನಪಾಯಿತು. ನೀನಿರುವ ಗೋರೆಗಾಂವ್‌ನಲ್ಲಿ ಮೃಣಾಲ್‌ತಾಯಿ ಗೋರೆ ಹೆಸರಿನ ಫ್ಲೈಓವರ್ ಇದೆಯಲ್ಲ, ರಾಮ್ ಮಂದಿರ್ ಸ್ಟೇಷನ್ ಹತ್ತಿರ. ಅವರು ಯಾರು ಅಂತ ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಸೋಷಲಿಸ್ಟ್ ಪಾರ್ಟಿಯವರು. ಆ ಕಾಲದಲ್ಲಿ ಕಾಂಗ್ರೆಸ್ ಎದುರು ಅದು ಸಣ್ಣ ಪಾರ್ಟಿ. 1961ರಲ್ಲಿ ಗೋರೆಗಾಂವ್‌ನಿಂದಲೇ ನಗರಸೇವಕಿಯಾದರು. ಹೆಂಗಸರನ್ನು ಕಟ್ಟಿಕೊಂಡು ನೀರಿಗಾಗಿ ಮೋರ್ಚಾ ತೆಗೆದರು. ಜನ 'ಪಾನೀವಾಲಿ ಬಾಯಿ' ಅಂತಲೇ ಕರೆದರು. ಆಮೇಲೆ ಬೆಲೆ ಏರಿದಾಗ ಅವರ ಜೊತೆ ಹೆಂಗಸರು ಲಟ್ಟಣಿಗೆ ಹಿಡಿದು ರಸ್ತೆಗಿಳಿದರು. 1977ರಲ್ಲಿ ಅವರು ಪಾರ್ಲಿಮೆಂಟಿಗೂ ಹೋದರು. ಆದರೆ ಶುರುವಾದದ್ದು ನಿನ್ನ ಊರಿನ ಕೊಡಪಾನಗಳಿಂದ. ಅಂದು ಅವರಿಗೆ ಹಾಕಿದವರೂ 'ಸಣ್ಣ ಪಾರ್ಟಿ, ವೋಟು ವೇಸ್ಟ್' ಅಂತ ಯೋಚಿಸಿದ್ದರೆ?

ಇನ್ನೊಂದು ನಾನೇ ಕಂಡದ್ದು. 1967. ನನಗೆ ಹದಿನಾಲ್ಕು ವರ್ಷ. ಹಗಲು ಫೋರ್ಟ್‌ನ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುವುದು, ಸಂಜೆ ಕನ್ನಡ ನೈಟ್ ಸ್ಕೂಲ್. ದಕ್ಷಿಣ ಮುಂಬಯಿಯಲ್ಲಿ ಎಸ್.ಕೆ. ಪಾಟೀಲರ ಎದುರು ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ನಿಂತಿದ್ದರು. ಪಾಟೀಲರು ಕೇಂದ್ರ ಮಂತ್ರಿ, ಮುಂಬಯಿ ಅವರ ಮುಷ್ಟಿಯಲ್ಲಿ ಅನ್ನುವ ಕಾಲ. ಗಿರಾಕಿಗಳು ಚಾ ಕುಡಿಯುತ್ತಾ "ಅವರನ್ನು ಸೋಲಿಸೋದು ಸಾಧ್ಯ ಇಲ್ಲ" ಅನ್ನುತ್ತಿದ್ದರು. ಎಣಿಕೆಯಾದ ದಿನ ನಮ್ಮ ಅಡುಗೆ ಭಟ್ಟರು ಸೌಟು ಕೈಯಲ್ಲಿ ಹಿಡಿದುಕೊಂಡೇ ಬಾಗಿಲಿಗೆ ಓಡಿ ಬಂದರು. ಜಾರ್ಜ್ ಗೆದ್ದಿದ್ದರು. ಆ ಸೌಟಿನಿಂದ ಸಾಂಬಾರ್ ನೆಲಕ್ಕೆ ತೊಟ್ಟಿಕ್ಕಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಹಾಗಂತ ಮೂರನೆಯವರು ಅಂದ ಕೂಡಲೇ ಒಳ್ಳೆಯವರು ಅಂದುಕೊಳ್ಳಬೇಡ. ನನಗೆ ಅದರ ಪಾಠ ಆಗಿದೆ. ಹಲವು ವರ್ಷಗಳ ಹಿಂದೆ ನಮ್ಮ ಕಡೆ ಒಬ್ಬ ಪಕ್ಷೇತರ ನಿಂತಿದ್ದ. ಕಪ್ಪು ಬಸಿಯ ಚಿಹ್ನೆ. ಚೆನ್ನಾಗಿ ಮಾತಾಡುತ್ತಿದ್ದ. ನಾನು ನಮ್ಮ ವಿಂಗಿನ ಮೂವತ್ತೆರಡು ಮನೆಗಳಿಗೂ ಅವನ ಚೀಟಿ ಹಂಚಿದೆ, ಮೆಟ್ಟಿಲ ಗೋಡೆಗೆ ಅಂಟಿಸಿದೆ. ವೋಟಿಗೆ ಮೂರು ದಿನ ಇರುವಾಗ ಅವನು ದೊಡ್ಡ ಪಾರ್ಟಿಯ ವೇದಿಕೆ ಹತ್ತಿ ಶಾಲು ಹೊದೆಸಿಕೊಂಡ. 'ಕೂತ' ಅನ್ನುತ್ತಾರಲ್ಲ, ಹಾಗೆ. ನಾಮಪತ್ರ ವಾಪಸ್ ಪಡೆಯುವ ದಿನ ದಾಟಿದ್ದರಿಂದ ಮಶಿನಿನಲ್ಲಿ ಅವನ ಹೆಸರು ಹಾಗೇ ಉಳಿಯಿತು. ಮೇಲಿನ ಮನೆಯ ಅಜ್ಜಿ ನನ್ನ ಮಾತು ನಂಬಿ ಅವನಿಗೇ ಹಾಕಿ ಬಂದರು. ಆ ಚೀಟಿಗಳನ್ನು ನಾನು ಚಾಕುವಿನಿಂದ ಕೆರೆದು ತೆಗೆಯುವಾಗ ಗೋಡೆಯ ಬಣ್ಣವೂ ಎದ್ದು ಬಂತು. ಅಜ್ಜಿಗೆ ಮುಖ ತೋರಿಸಲು ನನಗೆ ತಿಂಗಳು ಹಿಡಿಯಿತು.

ಆದ್ದರಿಂದ ನಿನ್ನ ಮೂರನೆಯವರನ್ನು ಉಳಿದ ಇಬ್ಬರಿಗಿಂತ ಜಾಸ್ತಿ ಪರೀಕ್ಷೆ ಮಾಡು. ಟ್ಯಾಂಕರ್ ತರಿಸಲು ಓಡಾಡಿದ ಹೆಂಗಸು ಅಂದೆಯಲ್ಲ, ಆ ಓಡಾಟ ಚುನಾವಣೆ ಘೋಷಣೆಗೆ ಮೊದಲೇ ಇತ್ತಾ? ಮಳೆಗಾಲದಲ್ಲಿ ಗಟಾರ ಉಕ್ಕಿದಾಗ ಬಂದಿದ್ದರಾ? ಕೆಳಗಿನ ಇಸ್ತ್ರಿಯವನನ್ನು ಕೇಳು, ಹಾಲಿನವನನ್ನು ಕೇಳು. ಅವರಿಗೆ ಎಲ್ಲ ಗೊತ್ತಿರುತ್ತದೆ. ನಾಮಪತ್ರದ ಜೊತೆ ಕೊಟ್ಟ ಅಫಿಡವಿಟ್ ಓದು. ಆಸ್ತಿ, ಸಾಲ, ಕೇಸು ಎಲ್ಲ ಅದರಲ್ಲಿರುತ್ತದೆ. ಆಮೇಲೆ ಎದುರೇ ಕೂತು ಕೇಳು, ಗೆದ್ದರೆ ಯಾರ ಜೊತೆ ಕೂರುತ್ತೀರಿ ಅಂತ. ಇದು ಸುಮ್ನೆ ಕೇಳುವ ಮಾತಲ್ಲ. 2017ರಲ್ಲಿ 227 ಸೀಟಿನಲ್ಲಿ ಮೊದಲ ಪಾರ್ಟಿಗೆ ಬಂದದ್ದು 84, ಎರಡನೆಯದಕ್ಕೆ 82. ಬಹುಮತಕ್ಕೆ 114 ಬೇಕು. ಅಂಥ ಹೊತ್ತಿನಲ್ಲಿ ಸಣ್ಣವರ ಬಾಗಿಲಿಗೆ ದೊಡ್ಡವರೇ ಬರುತ್ತಾರೆ. ಆಗ ಆಕೆ ನಿಮಗಾಗಿ ಏನು ಕೇಳುತ್ತಾರೆ, ತನಗಾಗಿ ಏನು ಕೇಳುತ್ತಾರೆ ಅನ್ನುವುದನ್ನು ಈಗಲೇ ತಿಳಿದುಕೋ.

ನಿನ್ನ ಗಂಡ ಹೇಳುವ 'ವೋಟು ಒಡೆಯುತ್ತೆ' ಅನ್ನುವ ಮಾತನ್ನೂ ನಾನು ತಳ್ಳಿಹಾಕುವುದಿಲ್ಲ. ನಿಮ್ಮದೇ ಮುಂಬಯಿ ವಾಯವ್ಯ ಕ್ಷೇತ್ರದಲ್ಲಿ 2024ರ ಲೋಕಸಭೆಗೆ ಗೆಲುವಿನ ಅಂತರ ಬರೀ 48 ವೋಟು. ನೋಟಾಕ್ಕೆ ಬಿದ್ದದ್ದು 15 ಸಾವಿರಕ್ಕೂ ಜಾಸ್ತಿ. ಇಬ್ಬರಲ್ಲಿ ಒಬ್ಬರು ಬಂದರೆ ನಿನಗೆ ನಿಜವಾಗಿ ಕೆಡುಕು ಅನ್ನುವ ಭಯ ಇದ್ದರೆ, ಇನ್ನೊಬ್ಬರಿಗೆ ಹಾಕುವುದರಲ್ಲಿ ನಾಚಿಕೆ ಏನೂ ಇಲ್ಲ. ಆದರೆ ಆ ಭಯ ನಿನ್ನದೇ ಆಗಿರಬೇಕು. ಫ್ಯಾಮಿಲಿ ಗ್ರೂಪಿನಲ್ಲಿ ಬಂದ ವಿಡಿಯೋ ನೋಡಿ ಹುಟ್ಟಿದ್ದಾಗಬಾರದು. ಇಬ್ಬರೂ ನಿನಗೆ ಒಂದೇ ಅನ್ನಿಸಿದರೆ, ಹಿಡಿಸಿದವರಿಗೆ ಹಾಕು. ಅವರು ಸೋತರೂ ಆ ವೋಟು ಎಣಿಕೆಯಲ್ಲಿ ಬರುತ್ತದೆ. ಐನೂರು ಬಿತ್ತು, ಸಾವಿರ ಬಿತ್ತು ಅಂತ ಗೆದ್ದವರೂ ನೋಡುತ್ತಾರೆ. ಮುಂದಿನ ಸಲ ನಿಮ್ಮ ಗಲ್ಲಿಯ ನೀರಿನ ಮಾತು ಅವರ ಬಾಯಲ್ಲೂ ಬರುತ್ತದೆ.

ನೋಟಾ ನಿನ್ನ ಹಕ್ಕು. ಆದರೆ ಒಬ್ಬರ ಹತ್ತಿರವಾದರೂ ಹೋಗಿ ಮಾತಾಡದೆ ಅದನ್ನು ಒತ್ತಬೇಡ.

ನಮಗಿಲ್ಲಿ ಡೊಂಬಿವಲಿಯಲ್ಲಿ ಪ್ಯಾನೆಲ್ ಪದ್ಧತಿ, ಒಂದೇ ವಾರ್ಡಿನಿಂದ ಹಲವರನ್ನು ಆರಿಸುವುದು, ಒಂದಕ್ಕಿಂತ ಜಾಸ್ತಿ ಬಟನ್ ಒತ್ತಬೇಕು. ಒಂದು ಕಡೆ ತಪ್ಪಿದರೆ ಇನ್ನೊಂದು ಕಡೆ ಸರಿ ಮಾಡಿಕೊಳ್ಳಬಹುದು. ನಿನಗೆ ಇರುವುದು ಒಂದೇ. ಆದ್ದರಿಂದ ಈ ಭಾನುವಾರ ಬಟ್ಟೆ ಒಗೆಯುವುದು ಮಧ್ಯಾಹ್ನಕ್ಕೆ ಇಟ್ಟುಕೊಂಡು, ಬೆಳಿಗ್ಗೆ ಆ ಹೆಂಗಸಿನ ಮನೆಗೆ ಹೋಗಿ ಬಾ. ಮಗುವನ್ನೂ ಕರೆದುಕೊಂಡು ಹೋಗು. ಯಾರಿಗೆ ಹಾಕಿದೆ ಅಂತ ನನಗೆ ಹೇಳುವುದು ಬೇಡ.

ಹದಿನಾಲ್ಕಕ್ಕೆ ಸಂಕ್ರಾಂತಿ, ಮರುದಿನವೇ ವೋಟು. ದೊಡ್ಡಮ್ಮ ಎಳ್ಳುಂಡೆ ಕಟ್ಟುತ್ತಿದ್ದಾಳೆ. ಶನಿವಾರ ಪ್ರಮೋದನ ಕೈಯಲ್ಲಿ ಸ್ಟೀಲ್ ಡಬ್ಬಿ ಕಳಿಸುತ್ತೇನೆ. ಅದರಲ್ಲಿ ನಾಲ್ಕು ಉಂಡೆ ಆ ಹೆಂಗಸಿಗೂ ತೆಗೆದಿಡು. ಬರಿಗೈಯಲ್ಲಿ ಹೋಗಬೇಡ.

ನಿನ್ನ ದೊಡ್ಡಪ್ಪ