ಹಿಡ್ಲುಮನೆ ದಾರಿಯಲ್ಲಿ ಸಿಕ್ಕ ಅಣ್ಣನಿಗೆ

ನಿಮ್ಮ ಹೆಸರು ಕೇಳಿದೆವು, ನೀವು ನಕ್ಕು ಸುಮ್ಮನಾದಿರಿ. ಅದಕ್ಕೇ ಈ ಬರಹ.

ನಾವು ನಿಟ್ಟೂರಿನ ಹತ್ತಿರ ಬಿಡಾರ ಹೂಡಿ ಹಿಡ್ಲುಮನೆ ಜಲಪಾತದ ಕಡೆಯಿಂದ ಕೊಡಚಾದ್ರಿ ಹತ್ತಲು ಹೊರಟ ಸ್ಕೌಟ್ ತಂಡದವರು. 1343 ಮೀಟರ್ ಎತ್ತರದ ಬೆಟ್ಟ, ಮಳೆ ಆಗಷ್ಟೇ ಬಿಟ್ಟಿತ್ತು. ಪಾಚಿಗಟ್ಟಿದ ಬಂಡೆ ಮೇಲೆ ನಮ್ಮ ಒಬ್ಬ ಹುಡುಗನ ಕಾಲು ಉಳುಕಿತು. ಫೋನಿಗೆ ಸಿಗ್ನಲ್ ಇಲ್ಲ. ಸೀಟಿ ಊದಿದೆವು. ಹೆಗಲ ಮೇಲೆ ಕತ್ತಿ ಇಟ್ಟುಕೊಂಡು ನೀವು ಬಂದಿರಿ.

ಬೇರೆಯವರಾಗಿದ್ದರೆ ಹುಡುಗರನ್ನು ಪಕ್ಕಕ್ಕೆ ಸರಿಸಿ ತಾವೇ ಎಲ್ಲ ಮಾಡುತ್ತಿದ್ದರು. ನೀವು ಹಾಗೆ ಮಾಡಲಿಲ್ಲ. ಎರಡು ಗಟ್ಟಿ ಕೋಲು ಹುಡುಕಿಕೊಟ್ಟು ನಿಂತಿರಿ. ಮಕ್ಕಳು ಅಂಗಿಗಳ ತೋಳಿನೊಳಗೆ ಕೋಲು ತೂರಿಸಿ ಸ್ಟ್ರೆಚರ್ ಮಾಡಿದರು. ತರಬೇತಿಯಲ್ಲಿ ಬೇಜಾರಿನಿಂದ ಕಲಿತ ಪಾಠ ಅದು! ಎಳೆದು ನೋಡಿ, 'ಇನ್ನೊಂದು ಅಂಗಿ ಹಾಕಿ' ಅಂದಿರಿ, ಅಷ್ಟೇ. ಜೀಪು ಸಿಗುವವರೆಗೂ ಮುಂದಿನ ಕೋಲು ನಿಮ್ಮ ಹೆಗಲ ಮೇಲೇ ಇತ್ತು. ನಡುವೆ ಇಂಬಳ ಬಿಡಿಸಲು ಉಪ್ಪಿನ ಗಂಟನ್ನೂ ಕೊಟ್ಟಿರಿ.

ಹೊರಡುವಾಗ ಹುಡುಗರು ಎಡಗೈ ಚಾಚಿದ್ದು ನೋಡಿ ನೀವು ಹಿಂಜರಿದಿರಿ ಅಲ್ವಾ? ಅದು ಅಗೌರವ ಅಲ್ಲ ಅಣ್ಣ. ಲೋಕದ ಎಲ್ಲ ಕಡೆ ಸ್ಕೌಟುಗಳು ಎಡಗೈಯನ್ನೇ ಕುಲುಕುತ್ತಾರೆ. ನಿಮ್ಮನ್ನು ತಮ್ಮವರೆಂದೇ ತಿಳಿದರು.

ಹುಡುಗ ಈಗ ಓಡಾಡುತ್ತಿದ್ದಾನೆ. ಮೂಳೆ ಮುರಿದಿರಲಿಲ್ಲ. ತುಂಬಾ ಥ್ಯಾಂಕ್ಸ್ ಅಣ್ಣ. ಕಾಲಿಗೆ ಕಟ್ಟಿದ ನಿಮ್ಮ ಟವೆಲ್ ನಮ್ಮ ಹತ್ತಿರವೇ ಇದೆ, ನಿಟ್ಟೂರಿಗೆ ಬಂದಾಗ ತರುತ್ತೇವೆ.