ಬೆಳೆಯಲು ಬಿಡಿ ಎಂದವರ ಕತೆ

ಪ್ರೀತಿಯ ಗೆಳೆಯಾ,

ನಾಟಿ ಮುಗೀತಾ? ಹೋದ ಸಲ ಫೋನಿನಲ್ಲಿ, "ಜಪಾನಿನಲ್ಲಿ ಅಕ್ಕಿ ಸಿಗ್ತಿರಲಿಲ್ವಂತೆ, ಹೌದೇನೋ?" ಅಂತ ನೀನು ಕೇಳಿದ್ದೆ. ಹೌದು ಕಣೋ. 2025ರ ಮೇ ತಿಂಗಳಲ್ಲಿ ನಮ್ಮ ಬೀದಿಯ ಅಂಗಡಿಯಲ್ಲಿ "ಮನೆಗೊಂದೇ ಚೀಲ" ಅಂತ ಚೀಟಿ ಅಂಟಿಸಿದ್ದರು. ಐದು ಕೆ.ಜಿ.ಗೆ 4,000 ಯೆನ್ ದಾಟಿತ್ತು, ಹಿಂದಿನ ವರ್ಷದ ಎರಡರಷ್ಟು. ನನ್ನ ಮುಂದಿದ್ದ ಅಜ್ಜಿಯೊಬ್ಬರು ಚೀಲ ಎತ್ತಿಕೊಂಡರು, ಬೆಲೆ ನೋಡಿದರು, ವಾಪಸ್ ಇಟ್ಟು ನೂಡಲ್ಸ್ ತಗೊಂಡು ಹೋದರು.

ಆಗ ಪ್ರಧಾನಿಯಾಗಿದ್ದವರು ಶಿಗೆರು ಇಶಿಬಾ. ಊರು ತೊತ್ತೊರಿ, ಜಪಾನಿನಲ್ಲೇ ಅತಿ ಕಡಿಮೆ ಜನರಿರುವ ಪ್ರಾಂತ್ಯ. ಮರಳು ದಿಬ್ಬ, ಪೇರ್ ಹಣ್ಣಿನ ತೋಟಗಳ ನಾಡು. ಬ್ಯಾಂಕ್ ಕೆಲಸ ಬಿಟ್ಟು ಬಂದು 1986ರಲ್ಲಿ, 29ನೇ ವಯಸ್ಸಿಗೇ ಸಂಸದರಾದರು.

2008ರಲ್ಲಿ ಕೃಷಿ ಮಂತ್ರಿಯಾದಾಗ ಅವರು ಕೈ ಹಾಕಿದ್ದು 'ಗೆನ್‌ತಾನ್' ಪದ್ಧತಿಗೆ. 1970ರ ಸುಮಾರಿಗೆ ಜನ ಅನ್ನ ತಿನ್ನೋದು ಕಡಿಮೆ ಮಾಡಿದರು, ಗೋದಾಮಿನಲ್ಲಿ ಅಕ್ಕಿ ಉಳಿಯಿತು. ಬೆಲೆ ಬೀಳಬಾರದಲ್ಲ, ಅದಕ್ಕೆ ಸರ್ಕಾರ ಭತ್ತ ಕಡಿಮೆ ಮಾಡಿ, ದುಡ್ಡು ಕೊಡ್ತೀವಿ ಅಂದಿತು. ಪ್ರತಿ ಊರಿಗೂ ಇಷ್ಟಿಷ್ಟು ಅಂತ ಲೆಕ್ಕ. ನೀರು ನಿಂತ ಗದ್ದೆ ಮುಂದೆ ನಿಲ್ಲಿಸಿ ನಾಟಿ ಮಾಡಬೇಡ ಅಂದರೆ ನಿನ್ನ ಕೈ ಸುಮ್ನಿರುತ್ತಾ, ಹೇಳು?

ಬೆಳೆಯುವ ಮನಸ್ಸಿರುವ ರೈತನನ್ನು ಬೆಳೆಯಲು ಬಿಡೋಣ ಎಂಬುದು ಇಶಿಬಾ ವಾದ. ಸ್ವಂತ ಪಕ್ಷದವರೇ ಅಡ್ಡ ನಿಂತರು. 2009ರಲ್ಲಿ ಪಕ್ಷ ಸೋತು ಮಾತು ಅಲ್ಲಿಗೇ ನಿಂತಿತು. 2018ರಲ್ಲಿ ಊರಿನ ಲೆಕ್ಕ ಹೋಯಿತು, ಭತ್ತ ಬಿಟ್ಟು ಬೇರೆ ಬೆಳೆದವರಿಗೆ ಕೊಡುವ ಹಣ ಮಾತ್ರ ನಿಲ್ಲಲಿಲ್ಲ. ನಡುವೆ 2014ರಿಂದ ಎರಡು ವರ್ಷ ಹಳ್ಳಿಗಾಡು, ಸಣ್ಣ ಊರುಗಳ ಪುನಶ್ಚೇತನಕ್ಕೆ ಮಂತ್ರಿಯಾಗಿದ್ದರು. ಪಕ್ಷದ ಅಧ್ಯಕ್ಷ ಸ್ಥಾನಕ್ಕೆ ನಾಲ್ಕು ಸಲ ನಿಂತು ಸೋತವರು, 2024ರಲ್ಲಿ ಐದನೇ ಸಲಕ್ಕೆ ಗೆದ್ದು ಪ್ರಧಾನಿಯಾದರು.

2025ರ ಆಗಸ್ಟಿನಲ್ಲಿ ಅವರ ಸರ್ಕಾರ ಅಕ್ಕಿ ಸಾಲದೇ ಬಂದಿತ್ತು, ನಾವು ಅಂದಾಜು ಮಾಡಿದ್ದು ತಪ್ಪು ಅಂತ ಒಪ್ಪಿಕೊಂಡಿತು. ಇನ್ನು ಮುಂದೆ ಜಾಸ್ತಿ ಬೆಳೆಯೋಣ ಅಂದರು ಇಶಿಬಾ. ಹದಿನಾರು ವರ್ಷ ಕಾದ ಮಾತು! ಅಷ್ಟರಲ್ಲಿ ಮೇಲ್ಮನೆ ಚುನಾವಣೆ ಸೋತಾಗಿತ್ತು. ಅಕ್ಟೋಬರಿನಲ್ಲಿ ಕುರ್ಚಿ ಬಿಟ್ಟರು. ಹೊಸ ಸರ್ಕಾರ ಮತ್ತೆ, ಬೇಡಿಕೆ ಎಷ್ಟೋ ಅಷ್ಟೇ ಬೆಳೆಯೋಣ ಅನ್ನುತ್ತಿದೆ.

ನನಗೆ ಹೊಟ್ಟೆ ಉರಿಯೋದು ಇಲ್ಲೇ. ಈ ದೇಶದಲ್ಲಿ ರೈತರ ಸರಾಸರಿ ವಯಸ್ಸು 70ರ ಹತ್ತಿರ. 2009ರಲ್ಲೇ ಬೆಳೆಯಲು ಬಿಟ್ಟಿದ್ದರೆ ಗದ್ದೆಗೆ ಇಳಿಯುತ್ತಿದ್ದವರಲ್ಲಿ ಎಷ್ಟೋ ಜನರ ಮೊಣಕಾಲು ಇವತ್ತು ಇಳಿಯಲು ಬಿಡುವುದಿಲ್ಲ.

ನಿನ್ನ ಗದ್ದೆಯ ಒಂದು ಫೋಟೋ ಕಳಿಸು. ಅತ್ತಿಗೆಗೆ ನಮಸ್ಕಾರ ಹೇಳು.

ನಿನ್ನ ಗೆಳೆಯ