ಬರೀ ಹಲ್ಲಲ್ಲ ಮಾರಾಯ

ಲೋ ಗೆಳೆಯ,

ಮೊನ್ನೆ ಫೋನಲ್ಲಿ 'ಹಾಸ್ಯನಟ ನರಸಿಂಹರಾಜು ಅಂದ್ರೆ ಉಬ್ಬುಹಲ್ಲು ಬಿಟ್ಟು ಇನ್ನೇನಿದೆಯೋ' ಅಂದುಬಿಟ್ಟೆಯಲ್ಲ, ಆಗ ಮಂಡಿಯಲ್ಲಿ ಕೊಬ್ಬರಿ ತೂಕದ ಗಲಾಟೆ, ಜವಾಬು ಕೊಡೋಕಾಗಲಿಲ್ಲ. ಈಗ ಬಿಡುವಾಗಿದೆ, ಕೇಳು. ತಿಪಟೂರಿನವನು ತಿಪಟೂರಿನವನ ಪರ ವಕಾಲತ್ತು ಹಾಕ್ತಾನೆ ಅಂತ ನಕ್ಕರೂ ಬೇಜಾರಿಲ್ಲ.

ಹಲ್ಲು ದೇವರು ಕೊಟ್ಟದ್ದು. ಅದನ್ನು ಯಾವಾಗ ಬಿಡಬೇಕು, ಯಾವಾಗ ತುಟಿ ಮುಚ್ಚಬೇಕು ಅನ್ನೋದನ್ನ ಕಲಿಸಿದ್ದು ಕಂಪನಿ ನಾಟಕ. 1923ರಲ್ಲಿ ಹುಟ್ಟಿದ ಹುಡುಗ ಸರಿಯಾಗಿ ಶಾಲೆ ಮೆಟ್ಟಿಲು ಹತ್ತೋ ವಯಸ್ಸಿಗೆ ಮೊದಲೇ ಬಣ್ಣ ಹಚ್ಚಿದ. ಕಂಪನಿಯ ಹಾಸ್ಯಗಾರನ ಪಾಡು ನಿನಗೆ ಗೊತ್ತಲ್ಲ: ಪರದೆಯ ಹಿಂದೆ ದರ್ಬಾರಿನ ಸೀನು ಕಟ್ಟುವವರೆಗೆ ಅದರ ಮುಂದೆ ನಿಂತು ಜನರನ್ನು ಹಿಡಿದಿಡಬೇಕು. ಮೈಕಿಲ್ಲದ ಕಾಲದಲ್ಲಿ ಚಾಪೆಯ ಕೊನೆಯಲ್ಲಿ ಕೂತವನಿಗೂ ಮಾತು ಮುಟ್ಟಬೇಕು. ನಗು ಬರಲಿಲ್ಲವೋ, ಅಲ್ಲೇ ನಿಂತಲ್ಲೇ ಮಾತು ಬದಲಿಸಬೇಕು. ಇಷ್ಟು ವರ್ಷ ಅದನ್ನು ಮಾಡಿ ಬಂದವನಿಗೆ ಕ್ಯಾಮೆರಾ ಯಾವ ಲೆಕ್ಕ?

1954ರಲ್ಲಿ ಗುಬ್ಬಿ ವೀರಣ್ಣನವರ ಕಂಪನಿಯ ನಾಟಕವೇ 'ಬೇಡರ ಕಣ್ಣಪ್ಪ' ಸಿನಿಮಾ ಆಯಿತು. ನೀನು ರೈಲಲ್ಲಿ ದಾಟಿ ಹೋಗೋ ಅದೇ ಗುಬ್ಬಿ. ರಾಜಕುಮಾರ್ ನಾಯಕರಾಗಿ ಕಾಣಿಸಿಕೊಂಡ ಮೊದಲ ಚಿತ್ರ ಅದು, ನರಸಿಂಹರಾಜುಗೂ ಅಲ್ಲಿಂದಲೇ ಶುರು. ಆದರೆ ಸಿನಿಮಾ ಸಿಕ್ಕಿತು ಅಂತ ಹೊಟ್ಟೆ ತುಂಬಲಿಲ್ಲ. ಇಬ್ಬರೂ ಬಾಲಕೃಷ್ಣ, ಜಿ.ವಿ. ಅಯ್ಯರ್ ಜೊತೆ ಸೇರಿ ಕನ್ನಡ ಕಲಾವಿದರ ಸಂಘ ಕಟ್ಟಿ ಊರೂರಲ್ಲಿ ನಾಟಕ ಆಡಿದರು, ಆಮೇಲೆ 1960ರಲ್ಲಿ 'ರಣಧೀರ ಕಂಠೀರವ' ತೆಗೆದರು. ಪಾಲುದಾರ ಕಣೋ ಆತ, ಬರೀ ಕಾಮಿಡಿ ತುಣುಕಿಗೆ ಬಂದು ಹೋಗೋ ಆಳಲ್ಲ.

ಇನ್ನು ನನ್ನ ಮುಖ್ಯ ಸಾಕ್ಷಿ. 1965ರ 'ಸತ್ಯ ಹರಿಶ್ಚಂದ್ರ' ಚಿತ್ರದಲ್ಲಿ ಆತ ಮಾಡಿದ ನಕ್ಷತ್ರಿಕ. ವಿಶ್ವಾಮಿತ್ರನ ಶಿಷ್ಯ, ಸಾಲ ವಸೂಲಿಗೆ ಬೆನ್ನು ಬಿದ್ದವನು. ರಾಜ್ಯ ಕಳಕೊಂಡು ಹೆಂಡತಿ ಮಗನ ಕೈ ಹಿಡಿದು ನಡೆಯೋ ಮನುಷ್ಯನನ್ನ ದಾರಿಯುದ್ದಕ್ಕೂ ಕಾಡೋದೇ ಕೆಲಸ. ಇಂಥವನನ್ನು ನೋಡಿ ನಗಬೇಕೆ? ನಗ್ತೀವಿ. ಅದೇ ಹೊತ್ತಿಗೆ ಇವನ ಕೆನ್ನೆಗೊಂದು ಬಾರಿಸಬೇಕು ಅನ್ನಿಸುತ್ತೆ. ನಮ್ಮವ್ವ ಟಿವಿ ಮುಂದೆ ಕೂತು 'ಇವನ ಮನೆ ಹಾಳಾಗ' ಅಂತ ಬೈತಾ ಬೈತಾ ಸೆರಗು ಬಾಯಿಗಿಟ್ಟು ನಗೋದನ್ನ ನಾನೇ ಕಂಡಿದ್ದೀನಿ. ಪಾತ್ರ ಎಲ್ಲೂ ಅತ್ತ ಖಳನೂ ಆಗಲ್ಲ, ಇತ್ತ ಬಫೂನೂ ಆಗಲ್ಲ. ಅಷ್ಟು ಸಣ್ಣ ಗೆರೆಯ ಮೇಲೆ ನಡೆಯೋದು ಹಲ್ಲಿನ ಕೆಲಸವೇನೋ?

ನಿನ್ನ ಮಾತಲ್ಲೂ ಕೊಂಚ ನಿಜ ಉಂಟು. ಎಷ್ಟೋ ಚಿತ್ರಗಳಲ್ಲಿ ಅದೇ ಪೆದ್ದು, ಅದೇ ಗೆಳೆಯ. ಆದರೆ ಅದು ಬರೆದವರ ಸೋಮಾರಿತನ, ಆತನದಲ್ಲ. ಅದಕ್ಕೇ ಇರಬೇಕು, 1974ರಲ್ಲಿ ತಾವೇ ದುಡ್ಡು ಹಾಕಿ 'ಪ್ರೊಫೆಸರ್ ಹುಚ್ಚೂರಾಯ' ಮಾಡಿ, ತಾವೇ ಪ್ರೊಫೆಸರ್ ಆದರು. 1979ರ ಜುಲೈನಲ್ಲಿ ತೀರಿಕೊಂಡಾಗ 56 ಕೂಡ ತುಂಬಿರಲಿಲ್ಲ.

ಈ ಭಾನುವಾರ ಮನೆಯಲ್ಲೇ ಇರ್ತೀಯಾದರೆ ನಕ್ಷತ್ರಿಕನ ಭಾಗ ಮಾತ್ರ ಹಾಕಿ ನೋಡು, ಕಣ್ಣು ಮುಚ್ಚಿಕೊಂಡು ಬರೀ ದನಿ ಕೇಳಿದರೂ ಸಾಕು. ಆಮೇಲೂ ಹಲ್ಲೇ ಕಂಡರೆ ಫೋನ್ ಮಾಡು, ಜಗಳ ಮುಂದುವರಿಸೋಣ.

ನಿನ್ನ,
ತಿಪಟೂರಿನ ಗೆಳೆಯ